ಸುಸ್ತೋ, ಸೋಮಾರಿತನವೋ?

(ನಮ್ಮ ಕನ್ನಡ ಪ್ರಸಾರದಲ್ಲಿ ಓದಿದ ಭಾಷಣದ ಬರಹರೂಪ)



ಹೋದ ತಿಂಗಳ ಫೋನ್ ಇನ್ ಕಾರ್ಯಕ್ರಮದಲ್ಲಿ ಡೊಂಬಿವಲಿಯಿಂದ ಒಬ್ಬ ತಾಯಿ ಮಾತಾಡಿದ್ದರು. ಹಾಡು ಕೇಳಲೆಂದು ಫೋನ್ ಮಾಡಿದವರು ಹಾಡಿನ ಹೆಸರು ಹೇಳುವ ಮೊದಲೇ ತಮ್ಮ ಸಂಕಟ ತೋಡಿಕೊಂಡರು. ನಾಲ್ಕನೇ ತರಗತಿಯ ಮಗನಿಗೆ ಎರಡು ದಿನ ಜ್ವರ ಬಂದು ಬಿಟ್ಟಿತ್ತಂತೆ. ಮೂರನೇ ದಿನ ಶಾಲೆಗೆ ಕಳಿಸುವಾಗ, ಆಟದ ಪೀರಿಯಡ್ಡಿನಲ್ಲಿ ಓಡಿಸಬೇಡಿ ಎಂದು ತಿಳಿಸಲು ಡೈರಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು: ‘ಮೈ ಸನ್ ಈಸ್ ಡಲ್.’ ಸಂಜೆ ಡೈರಿ ತೆರೆದರೆ ಟೀಚರ್ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಉತ್ತರ ಬರೆದಿದ್ದಾರೆ: ಹಾಗೆಲ್ಲ ಹೇಳಬೇಡಿ, ಗಣಿತದಲ್ಲಿ ಚೆನ್ನಾಗಿಯೇ ಮಾಡುತ್ತಿದ್ದಾನೆ. ತಾಯಿ ನನ್ನನ್ನು ಕೇಳಿದ್ದು ಇಷ್ಟೇ: “ನಾ ಎಲ್ಲೆ ನನ್ನ ಮಗನ್ನ ದಡ್ಡ ಅಂದೆ ರೀ ಮೇಡಂ? ಜರಾ ಡಲ್ ಆಗ್ಯಾನ ಅಂತ ಬರದೆ, ಅಷ್ಟ.”

ಅಂದು ಪ್ರಸಾರದಲ್ಲಿ ಉಳಿದಿದ್ದದ್ದು ಒಂದೂವರೆ ನಿಮಿಷ. ಹಾಡು ಹಾಕಿದೆವು, ಉತ್ತರ ಬಾಕಿ ಉಳಿಯಿತು. ಅದನ್ನು ಇವತ್ತು ಹೇಳುತ್ತೇನೆ. ನಾನು ಇಂಗ್ಲಿಷ್ ಪಂಡಿತೆಯಲ್ಲ, ಓದಿದ್ದು ಕನ್ನಡ ಬಿ.ಎ. ಆದರೆ ಕನ್ನಡ ಓದಿದವರಿಗೇ ಈ ಗಂಟು ಸುಲಭವಾಗಿ ಕಾಣುತ್ತದೆ ಎನ್ನುವುದು ನನ್ನ ಅನಿಸಿಕೆ.

ಡಲ್ ಎನ್ನುವುದು ಈಗ ಕನ್ನಡದ್ದೇ ಮಾತು. ‘ಯಾಕೋ ಇವತ್ತು ಡಲ್ ಆಗಿದ್ದೀಯ?’ ಎಂದು ನಾವು ಕೇಳಿದರೆ ಅದರಲ್ಲಿ ಕಾಳಜಿಯೇ ಇದೆ. ಮುಖ ಬಾಡಿದೆ, ಎಂದಿನ ಗೆಲುವಿಲ್ಲ, ಏನಾಗಿದೆ ಹೇಳು ಎಂಬ ಪ್ರೀತಿ. ಇಂಗ್ಲಿಷಿನವರ ಡಲ್ ಬೇರೆ. ಚಾಕು ಮೊಂಡಾದರೆ ಡಲ್, ಬಣ್ಣ ಮಾಸಿದರೆ ಡಲ್, ಮೋಡ ಕವಿದ ದಿನ ಡಲ್. ಮನುಷ್ಯನನ್ನು ಡಲ್ ಎಂದರೆ ಒಂದೋ ಅವನ ಜೊತೆ ಕೂತರೆ ಬೇಜಾರು, ಇಲ್ಲವೇ ಅವನ ಬುದ್ಧಿ ಮೊಂಡು. ಶಾಲೆಯ ಡೈರಿಯಲ್ಲಿ ಬಂದರಂತೂ ಎರಡನೆಯ ಅರ್ಥವೇ.

ಹಾಗಾದರೆ ಆ ತಾಯಿಯ ವಾಕ್ಯದಲ್ಲಿ ಕಳೆದುಹೋದದ್ದು ಏನು? ಅವರು ಫೋನಿನಲ್ಲಿ ಆಡಿದ ಮಾತನ್ನು ಇನ್ನೊಮ್ಮೆ ಕೇಳಿ. ‘ಡಲ್ ಆಗ್ಯಾನ.’ ಡಲ್ ಆಗಿದ್ದಾನೆ. ಈ ‘ಆಗಿ’ ಇದೆಯಲ್ಲ, ನಮ್ಮ ಭಾಷೆಯಲ್ಲಿ ಅದು ಮನುಷ್ಯನ ಮಾನ ಕಾಯುವ ಪ್ರತ್ಯಯ. ‘ಅವನು ಮಂಕು’ ಎಂದರೆ ಬೈಗುಳ. ‘ಅವನು ಮಂಕಾಗಿದ್ದಾನೆ’ ಎಂದರೆ ಅನುಕಂಪ. ಮೊದಲನೆಯದು ಹುಟ್ಟುಗುಣ, ಎರಡನೆಯದು ನಾಳೆ ಹೋಗುವಂಥದ್ದು. ನಿನ್ನೆಯವರೆಗೆ ಹೀಗಿರಲಿಲ್ಲ, ಈಗ ಹೀಗೆ ಆಗಿದ್ದಾನೆ ಎಂಬ ಇಡೀ ಕತೆ ಆ ಎರಡಕ್ಷರದಲ್ಲಿದೆ. ಇಂಗ್ಲಿಷಿನ ‘ಈಸ್’ಗೆ ಈ ಶಕ್ತಿಯಿಲ್ಲ. ಅಲ್ಲಿ ತಾತ್ಕಾಲಿಕವೋ ಕಾಯಮ್ಮೋ ಎಂಬುದನ್ನು ಗುಣವಾಚಕವೇ ಹೊತ್ತುಕೊಳ್ಳಬೇಕು. ಟಯರ್ಡ್ ಎಂದರೆ ಇವತ್ತಿನ ಮಾತು, ಲೇಜಿ ಎಂದರೆ ಸಾಮಾನ್ಯವಾಗಿ ಸ್ವಭಾವದ ಮಾತು. ಆದ್ದರಿಂದ ಅಲ್ಲಿ ಒಂದು ಪದ ತಪ್ಪಿದರೆ ದಣಿದವನು ಸೋಮಾರಿಯಾಗುತ್ತಾನೆ, ಜ್ವರ ಬಿಟ್ಟ ಮಗು ದಡ್ಡ ಮಗುವಾಗುತ್ತದೆ.

ಅಂದಹಾಗೆ, ಈ ಅಪಾಯ ಇಂಗ್ಲಿಷಿನಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಮುಂಬಯಿ, ಪುಣೆ, ದೆಹಲಿಯಲ್ಲಿರುವ ನಮಗೆ ಅದು ಬಾಗಿಲಲ್ಲೇ ನಿಂತಿದೆ. ನಾವು ದಿನಕ್ಕೆ ಹತ್ತು ಸಲ ಆಡುವ ‘ಸುಸ್ತು’ ಪಾರಸಿಯಿಂದ ಬಂದದ್ದು. ಅಲ್ಲಿ ‘ಸುಸ್ತ್’ ಎಂದರೆ ಸಡಿಲ, ದುರ್ಬಲ. ಆ ಪದ ಹಿಂದಿ, ಮರಾಠಿಗಳಲ್ಲಿ ಒಂದು ದಾರಿ ಹಿಡಿಯಿತು, ಕನ್ನಡದಲ್ಲಿ ಇನ್ನೊಂದು. ಅವರಿಗೆ ‘ಸುಸ್ತ್’ ಎಂದರೆ ಚುರುಕಿಲ್ಲದವ, ಆಲಸಿ. ನಮಗೆ ಸುಸ್ತು ಎಂದರೆ ದುಡಿದು ದಣಿದದ್ದು. ಆಫೀಸಿನಲ್ಲಿ ಎರಡು ಪಾಳಿ ದುಡಿದು ‘ಮೈ ಬಹುತ್ ಸುಸ್ತ್ ಹೂಂ’ ಎಂದರೆ, ನಾನು ಮಹಾ ಸೋಮಾರಿ ಎಂದು ನಾವೇ ಒಪ್ಪಿಕೊಂಡ ಹಾಗೆ. ‘ಥಕ್ ಗಯಾ’ ಎನ್ನಬೇಕು, ಮರಾಠಿಯಲ್ಲಾದರೆ ‘ದಮಲೋ’, ಹೆಂಗಸರು ‘ದಮಲೇ’. ಧಾರವಾಡದ ಕಡೆಯವರು ‘ಆರಾಮ ಇಲ್ಲ’ ಎಂದರೆ ಮೈಗೆ ಹುಷಾರಿಲ್ಲ ಎಂದು. ಅದನ್ನೇ ಹಿಂದಿಗೆ ತಿರುಗಿಸಿದರೆ ವಿಶ್ರಾಂತಿ ಸಿಗುತ್ತಿಲ್ಲ ಎಂದಾಗುತ್ತದೆ. ಇನ್ನು ಸೋಮಾರಿ ಪದ ಮಾತ್ರ ದಕ್ಷಿಣದಲ್ಲಿ ಬಹಳ ಕಡೆ ಸೋಮಾರಿಯೇ. ಚೆನ್ನೈಯಲ್ಲಿ ಸೋಂಬೇರಿ, ಹೈದರಾಬಾದಿನಲ್ಲಿ ಸೋಮರಿ. ಆ ಬೈಗುಳಕ್ಕೆ ಅನುವಾದದ ತಾಪತ್ರಯವಿಲ್ಲ!

ಈಗ ಇಂಗ್ಲಿಷಿಗೆ ಬರೋಣ. ನಿಧಾನಕ್ಕೆ, ನಿಶ್ಶಕ್ತಿಗೆ, ಜಡತನಕ್ಕೆ ಆ ಭಾಷೆಯಲ್ಲಿ ಇರುವ ಗುಣವಾಚಕಗಳನ್ನು ಒಂದೆಡೆ ಸೇರಿಸಿದರೆ ಒಂದು ಸಣ್ಣ ಸಂತೆಯೇ ಆಗುತ್ತದೆ. ಲೇಜಿ, ಸ್ಲಗಿಶ್, ಲೆಥಾರ್ಜಿಕ್, ಲಿಸ್ಟ್‌ಲೆಸ್, ಇಂಡೊಲೆಂಟ್, ಲ್ಯಾಂಗ್ವಿಡ್, ಟಾರ್ಪಿಡ್, ಲ್ಯಾಕಡೇಸಿಕಲ್... ನಿಘಂಟು ತೆರೆದರೆ ಎಲ್ಲದರ ಎದುರಿಗೂ ‘ಜಡ, ಮಂದ, ನಿರುತ್ಸಾಹದ’ ಎಂದು ಸರಿಸುಮಾರು ಒಂದೇ ಅರ್ಥ. ಒಂದೇ ಅಲ್ಲ. ಪ್ರತಿ ಪದವೂ ನಿಧಾನಕ್ಕೆ ಬೇರೆ ಬೇರೆ ಹೊಣೆಗಾರನನ್ನು ತೋರಿಸುತ್ತದೆ. ಒಂದು ಸ್ವಭಾವದ ಮೇಲೆ ತಪ್ಪು ಹೊರಿಸಿದರೆ ಇನ್ನೊಂದು ಕಾಯಿಲೆಯ ಮೇಲೆ, ಮತ್ತೊಂದು ಹವೆಯ ಮೇಲೆ. ಯಾವ ಪದ ಯಾರ ಕಡೆ ಬೆರಳು ಮಾಡುತ್ತಿದೆ ಎಂಬುದು ತಿಳಿದರೆ ಸಾಕು, ಬಾಯಿಪಾಠ ಬೇಕಿಲ್ಲ.

ಮೊದಲು ಮೈಗಳ್ಳರ ಸಾಲು. ಮೈಗಳ್ಳ ಎಂಬ ಪದವನ್ನು ಬಿಡಿಸಿ ನೋಡಿ, ಎಷ್ಟು ಖಚಿತವಾಗಿದೆ. ಮೈಯನ್ನೇ ಕದ್ದವನು. ಶಕ್ತಿ ಇದೆ, ಕೆಲಸಕ್ಕೆ ಸಿಗದ ಹಾಗೆ ಅದನ್ನು ಬಚ್ಚಿಡುತ್ತಾನೆ. ಲೇಜಿ ಎಂದರೆ ಅದು. ಸ್ಲಾತ್‌ಫುಲ್ ಎಂದರೆ ಇನ್ನೂ ಭಾರ, ಏಕೆಂದರೆ ಕ್ರೈಸ್ತರ ಏಳು ಮಹಾಪಾಪಗಳ ಪಟ್ಟಿಯಲ್ಲಿ ಸ್ಲಾತ್ ಕೂಡ ಒಂದು. ಈ ಸ್ಲಾತ್ ಹುಟ್ಟಿದ್ದು ಸ್ಲೋ ಎಂಬ ಮಾತಿನಿಂದ, ವಾರ್ಮ್‌ನಿಂದ ವಾರ್ಮ್ತ್ ಹುಟ್ಟಿದ ಹಾಗೆ. ಬರೀ ನಿಧಾನ ಎಂಬ ಅರ್ಥದಿಂದ ಹೊರಟದ್ದು ಪಾಪದವರೆಗೆ ಹೋಗಿ ಮುಟ್ಟಿತು ನೋಡಿ.

ಅಲ್ಲಿಗೇ ನಿಲ್ಲಲಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನಲ್ಲಿ ಮರಕ್ಕೆ ತಲೆಕೆಳಗಾಗಿ ಜೋತುಬಿದ್ದ ಒಂದು ಪ್ರಾಣಿಯನ್ನು ಕಂಡ ಐರೋಪ್ಯರು ಅದಕ್ಕೆ ಈ ಪಾಪದ ಹೆಸರನ್ನೇ ಇಟ್ಟರು. ಆ ಪ್ರಾಣಿ ಬಹುಪಾಲು ಎಲೆ ತಿಂದು ಬದುಕುತ್ತದೆ. ಎಲೆಯಲ್ಲಿ ಸತ್ವ ಕಡಿಮೆ, ಅರಗುವುದೂ ತಡ, ಹಾಗಾಗಿ ಮೈಯ ಎಲ್ಲ ಕೆಲಸವನ್ನೂ ನಿಧಾನ ಮಾಡಿಕೊಂಡಿದೆ. ಮೂರು ಬೆರಳಿನ ಜಾತಿಯದು ಮಲವಿಸರ್ಜನೆಗೆ ಮರದಿಂದ ಇಳಿಯುವುದೂ ಸುಮಾರು ವಾರಕ್ಕೊಮ್ಮೆ. ಇದು ಸೋಮಾರಿತನವಲ್ಲ, ಸಂಬಳ ಕಡಿಮೆ ಇದ್ದವರು ನಡೆಸುವ ಸಂಸಾರ.

ಈ ಹೆಸರಿನ ಕೆಸರು ನಮ್ಮ ಕರ್ನಾಟಕದ ಕರಡಿಗೂ ಸಿಡಿಯಿತು. ಹಂಪಿ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೋದವರು ಅಲ್ಲಿನ ಫಲಕ ನೋಡಿರುತ್ತೀರಿ. ನಮ್ಮ ಕರಡಿಯ ಇಂಗ್ಲಿಷ್ ಹೆಸರು ಸ್ಲಾತ್ ಬೇರ್. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಅದನ್ನು ವರ್ಣಿಸುವಾಗ, ಉದ್ದ ಉಗುರು ಮತ್ತು ಮುಂದಿನ ಹಲ್ಲಿಲ್ಲದ ಬಾಯಿ ನೋಡಿ, ಇದು ಕರಡಿಯಲ್ಲ, ಅಮೆರಿಕದ ಆ ಸ್ಲಾತ್‌ನ ನೆಂಟ ಎಂದು ಭಾವಿಸಿ ‘ಬ್ರಾಡಿಪಸ್’ ಗುಂಪಿಗೆ ಸೇರಿಸಿಬಿಟ್ಟ. ಗ್ರೀಕಿನಲ್ಲಿ ಬ್ರಾಡಿಪಸ್ ಎಂದರೆ ಮಂದಪಾದ. ಮುಂದೆ ಶಾಸ್ತ್ರೀಯ ಹೆಸರನ್ನು ತಿದ್ದಿದರು, ಇಂಗ್ಲಿಷ್ ಹೆಸರು ಮಾತ್ರ ಉಳಿದುಕೊಂಡಿತು. ಆ ಉಗುರು ಹುತ್ತ ಅಗೆಯಲು, ಆ ಹಲ್ಲಿನ ಸಂದಿ ಗೆದ್ದಲು ಹೀರಲು. ಕರಡಿ ಅಟ್ಟಿಸಿಕೊಂಡು ಬಂದರೆ ಮನುಷ್ಯ ಓಡಿ ಗೆಲ್ಲಲಾರ ಎಂಬುದು ಬಳ್ಳಾರಿ ಕಡೆಯ ಹೊಲದ ರೈತರಿಗೆ ಚೆನ್ನಾಗಿ ಗೊತ್ತು. ಹೆಸರು ನಂಬಿ ಹತ್ತಿರ ಹೋಗುವ ಹಾಗಿಲ್ಲ!

ಸ್ಲಗಿಶ್ ಪದದ ಕತೆಯೂ ತಿರುಗು ಮುರುಗು. ಸ್ಲಗ್ ಎಂದರೆ ಚಿಪ್ಪಿಲ್ಲದ ಬಸವನಹುಳು ಎಂದು ಶಾಲೆಯಲ್ಲಿ ಓದಿದವರು, ಹುಳುವಿನ ನಡಿಗೆಯಿಂದ ಸ್ಲಗಿಶ್ ಬಂತು ಎಂದುಕೊಳ್ಳುತ್ತಾರೆ. ಹಾಗಲ್ಲ. ಇಂಗ್ಲಿಷಿನಲ್ಲಿ ಮೊದಲು ಸ್ಲಗ್ ಆಗಿದ್ದವನು ಸೋಮಾರಿ ಮನುಷ್ಯ, ಹುಳುವಿಗೆ ಆ ಹೆಸರು ಬಂದದ್ದು ಶತಮಾನಗಳು ಕಳೆದ ಮೇಲೆ. ಈಗ ಆ ಪದದಲ್ಲಿ ಬೈಗುಳ ಕಡಿಮೆಯಾಗಿದೆ. ಷೇರು ಪೇಟೆ ಸ್ಲಗಿಶ್, ಕಂಪ್ಯೂಟರ್ ಸ್ಲಗಿಶ್, ಭಾನುವಾರ ಗಡದ್ದಾಗಿ ಉಂಡ ಮೇಲೆ ನಾವೂ ಸ್ಲಗಿಶ್. ಹರಿಯಬೇಕಾದ್ದು ಸರಾಗ ಹರಿಯುತ್ತಿಲ್ಲ ಎಂದಷ್ಟೇ. ನಮ್ಮ ಪತ್ರಿಕೆಗಳು ‘ಮಂದಗತಿ’ ಎಂದು ಬರೆಯುವುದು ಇದಕ್ಕೇ.

ಲ್ಯಾಕಡೇಸಿಕಲ್ ಎಂಬ ಉದ್ದನೆಯ ಪದ ಆಫೀಸಿನ ಮೆಮೊಗಳಲ್ಲಿ ಸಿಗುತ್ತದೆ. ಅದರ ಮೂಲ ‘ಅಲ್ಯಾಕ್ ದ ಡೇ’ ಎಂಬ ಹಳೆಯ ಉದ್ಗಾರ, ಅಯ್ಯೋ ದಿನವೇ ಎಂದ ಹಾಗೆ. ಏನು ಹೇಳಿದರೂ ‘ಅಯ್ಯೋ ರಾಮಾ, ಆಗಲಿ ಬಿಡಿ’ ಎಂದು ಉಸಿರು ಬಿಡುವವರನ್ನು ನೆನೆಸಿಕೊಳ್ಳಿ. ಇದು ಶ್ರದ್ಧೆ ಇಲ್ಲ ಎಂಬ ದೂರು, ಮೈ ಸರಿಯಿಲ್ಲ ಎಂಬ ಮಾತಲ್ಲ. ಮೇಲಧಿಕಾರಿ ಹೀಗೆಂದು ಬರೆದರೆ ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಿ ಉತ್ತರ ಕೊಡಬೇಡಿ.

ಇಷ್ಟರವರೆಗೆ ಹೇಳಿದ್ದು ಹಗುರ ಸಂಗತಿ. ಲೆಥಾರ್ಜಿಕ್ ವಿಷಯದಲ್ಲಿ ಮಾತ್ರ ಸ್ವಲ್ಪ ಗಂಭೀರವಾಗಿ ಕೇಳಿ. ಗ್ರೀಕರ ಪುರಾಣದಲ್ಲಿ ಪಾತಾಳದಲ್ಲಿ ಲೀಥೆ ಎಂಬ ನದಿ. ಅದರ ನೀರು ಕುಡಿದ ಸತ್ತವರು ಹಿಂದಿನದೆಲ್ಲ ಮರೆಯುತ್ತಾರೆ. ಲೀಥೆ ಎಂದರೆ ಮರೆವು. ಅದಕ್ಕೆ ಕೆಲಸವಿಲ್ಲದ ಸ್ಥಿತಿ ಎಂಬರ್ಥದ ಇನ್ನೊಂದು ಗ್ರೀಕ್ ಪದ ಕೂಡಿ ಲೆಥಾರ್ಜಿ ಆಯಿತು. ಆಡುಮಾತಿನ ಇಂಗ್ಲಿಷಿನಲ್ಲಿ ಇದನ್ನು ‘ಏಳೋಕೇ ಮನಸ್ಸಿಲ್ಲ’ ಎಂಬಷ್ಟು ಸಡಿಲವಾಗಿ ಬಳಸುತ್ತಾರೆ. ಮಕ್ಕಳ ಡಾಕ್ಟರಿಗೆ ಅದು ಸಡಿಲವಾದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಎರಡು ತಿಂಗಳಿಂದ ಐದು ವರ್ಷದವರೆಗಿನ ಕಾಯಿಲೆಯ ಮಕ್ಕಳಲ್ಲಿ ನೋಡಲೇಬೇಕಾದ ಅಪಾಯದ ಚಿಹ್ನೆಗಳನ್ನು ಪಟ್ಟಿ ಮಾಡಿದೆ. ಹಾಲು ನೀರು ಕುಡಿಯಲಾರದಿರುವುದು, ತಿಂದದ್ದೆಲ್ಲ ವಾಂತಿಯಾಗುವುದು, ಫಿಟ್ಸ್ ಬರುವುದು, ಅವುಗಳ ಜೊತೆಗೆ ಮಗು ಲೆಥಾರ್ಜಿಕ್ ಆಗಿರುವುದು ಅಥವಾ ಎಚ್ಚರ ತಪ್ಪಿರುವುದು. ಇಲ್ಲಿ ಲೆಥಾರ್ಜಿಕ್ ಎಂದರೆ ಮಗು ಮಂಪರಿನಲ್ಲಿದೆ, ಸುತ್ತ ಏನು ನಡೆದರೂ ಲಕ್ಷ್ಯವಿಲ್ಲ, ಕರೆದರೆ ಮುಖ ತಿರುಗಿಸುವುದಿಲ್ಲ, ಎಲ್ಲೋ ನೋಡುತ್ತ ಮಲಗಿದೆ. ಅಂಥ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈಗ ಯೋಚಿಸಿ. ರಾತ್ರಿ ಹನ್ನೊಂದಕ್ಕೆ ಡಾಕ್ಟರಿಗೆ ಫೋನ್ ಮಾಡಿ, ಮಂಪರು ಕವಿದ ಮಗುವನ್ನು ನಾವು ‘ಸ್ವಲ್ಪ ಡಲ್ ಆಗಿದೆ’ ಎಂದರೆ, ಆ ಕಡೆಯವರು ‘ಬೆಳಿಗ್ಗೆ ಕರೆತನ್ನಿ’ ಎಂದಾರು. ತದ್ವಿರುದ್ಧವಾಗಿ, ಆಡಿ ಆಡಿ ದಣಿದು ಮಲಗಿದ ಮಗುವನ್ನು ಲೆಥಾರ್ಜಿಕ್ ಎಂದರೆ ಅವರು ಗಾಬರಿ ಬಿದ್ದಾರು. ಇಂಥ ಹೊತ್ತಿನಲ್ಲಿ ಗುಣವಾಚಕದ ಗೊಡವೆಯೇ ಬೇಡ ಎನ್ನುತ್ತೇನೆ. ಕಂಡದ್ದನ್ನು ಹೇಳಿ. ಎಬ್ಬಿಸಿದರೆ ಏಳುತ್ತಿಲ್ಲ, ಹೆಸರು ಹಿಡಿದು ಕರೆದರೆ ನೋಡುತ್ತಿಲ್ಲ, ಮಧ್ಯಾಹ್ನದಿಂದ ಹಾಲು ಕುಡಿದಿಲ್ಲ. ಇದನ್ನು ಯಾವ ಭಾಷೆಯಲ್ಲಿ ಹೇಳಿದರೂ, ಎಷ್ಟೇ ಹರಕು ಮುರುಕಾಗಿ ಹೇಳಿದರೂ, ಕೇಳಿದವರಿಗೆ ತಪ್ಪು ತಿಳಿಯುವುದಿಲ್ಲ.

ಹಾಗೆಯೇ ವೀಕ್‌ನೆಸ್. ನಮ್ಮಲ್ಲಿ ಡಾಕ್ಟರ ಮುಂದೆ ಕೂತ ತಕ್ಷಣ ಬರುವ ಮೊದಲ ಮಾತು ಅದು. ನಾವು ಹೇಳುವುದು ಬಳಲಿಕೆಯನ್ನು. ವೈದ್ಯಶಾಸ್ತ್ರದಲ್ಲಿ ವೀಕ್‌ನೆಸ್ ಎಂದರೆ ಸ್ನಾಯುವಿಗೆ ಬಲವಿಲ್ಲ, ಕೈ ಎತ್ತಲಾಗುತ್ತಿಲ್ಲ, ಕಾಲು ಹಿಡಿತಕ್ಕೆ ಸಿಗುತ್ತಿಲ್ಲ. ಒಂದೇ ಕಡೆಯ ಕೈಕಾಲಿಗೆ ಇದ್ದಕ್ಕಿದ್ದಂತೆ ಹಾಗಾದರೆ ಅದು ಪಾರ್ಶ್ವವಾಯುವಿನ ಲಕ್ಷಣ, ಒಂದೊಂದು ನಿಮಿಷಕ್ಕೂ ಬೆಲೆಯಿದೆ. ದಣಿವಾದರೆ ಟಯರ್ಡ್ ಎನ್ನಿ, ದಿನಗಟ್ಟಲೆ ಬಿಡದ ಬಳಲಿಕೆಯಾದರೆ ಫಟೀಗ್ ಎನ್ನಿ. ಟಯರ್ಡ್‌ಗೂ ಒಂದು ಬಾಲವಿದೆ, ಜೋಕೆ. ‘ಟಯರ್ಡ್ ಆಫ್ಟರ್ ವರ್ಕ್’ ಎಂದರೆ ಕೆಲಸ ಮಾಡಿ ದಣಿದಿದ್ದೇನೆ. ‘ಟಯರ್ಡ್ ಆಫ್ ವರ್ಕ್’ ಎಂದರೆ ಈ ಕೆಲಸವೇ ಸಾಕಾಗಿದೆ. ರಜೆ ಅರ್ಜಿಯಲ್ಲಿ ಎರಡನೆಯದನ್ನು ಬರೆದರೆ ರಜೆ ಬಹಳ ಉದ್ದವಾಗಿ ಸಿಗಬಹುದು.

ಲಿಸ್ಟ್‌ಲೆಸ್ ಪದಕ್ಕೂ ಪಟ್ಟಿ ಎಂಬರ್ಥದ ಲಿಸ್ಟ್‌ಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಲಿಸ್ಟ್ ಎಂದರೆ ಇಷ್ಟ, ಆಸೆ. ಆಸೆ ಬತ್ತಿಹೋದವರು ಲಿಸ್ಟ್‌ಲೆಸ್. ನಮ್ಮ ‘ಲವಲವಿಕೆಯಿಲ್ಲ’ ಎಂಬುದು ಇದಕ್ಕೆ ಬಹಳ ಹತ್ತಿರ. ಥಾಣೆಯ ಕಡೆಯ ಕೇಳುಗರೊಬ್ಬರು ಬರೆದ ಪತ್ರ ನನ್ನ ಬಳಿ ಇದೆ. ಎಂಟನೇ ತರಗತಿಯ ಮಗಳ ಪ್ರಗತಿ ಪತ್ರದಲ್ಲಿ, ತರಗತಿಯಲ್ಲಿ ಲಿಸ್ಟ್‌ಲೆಸ್ ಆಗಿರುತ್ತಾಳೆ ಎಂದಿತ್ತು. ತಂದೆ ನಿಘಂಟು ನೋಡಿದರು, ‘ಉದಾಸೀನ’ ಎಂದಿತ್ತು. ಉದಾಸೀನ ಎಂದರೆ ಬೇಕೆಂದೇ ಮಾಡುವ ಅಸಡ್ಡೆ ಎಂದುಕೊಂಡು ಒಂದು ತಿಂಗಳು ಮೊಬೈಲ್ ಕಿತ್ತಿಟ್ಟುಕೊಂಡರು. ಕೊನೆಗೆ ಹುಡುಗಿ ರೈಲ್ವೆ ಸೇತುವೆಯ ಮೆಟ್ಟಿಲನ್ನು ಅರ್ಧ ಹತ್ತಿ ಏದುಸಿರು ಬಿಡುತ್ತ ಕೂತಾಗ ಅವಳ ತಾಯಿ ರಕ್ತ ಪರೀಕ್ಷೆ ಮಾಡಿಸಿದರು. ಆ ವಯಸ್ಸಿನ ಹುಡುಗಿಯರಿಗೆ 12 ಇರಬೇಕಾದ ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲಿತ್ತು.

ಇದು ಅಪರೂಪದ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67. ಎಷ್ಟು ಮನೆಗಳಲ್ಲಿ ಎಷ್ಟು ಸೊಸೆಯರನ್ನು, ಹೆಣ್ಣುಮಕ್ಕಳನ್ನು ‘ಸೋಮಾರಿ, ಕೂತಲ್ಲೇ ಕೂರುತ್ತಾಳೆ’ ಎಂದಿರಬಹುದು, ಲೆಕ್ಕ ಹಾಕಿ. ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡಿದರೂ ಹೀಗೇ, ಮೈಯೂ ಮಾತೂ ನಿಧಾನ. ಮನಸ್ಸಿನ ಖಿನ್ನತೆಯೂ ಎಷ್ಟೋ ಸಲ ಮೊದಲು ತೋರುವುದು ಆಸೆ ಬತ್ತಿದ ಈ ಲಿಸ್ಟ್‌ಲೆಸ್ ರೂಪದಲ್ಲೇ. ಎರಡು ವಾರ ಕಳೆದರೂ ಇದ್ದ ಹಾಗೇ ಇದ್ದರೆ ಡಾಕ್ಟರನ್ನು ಕಾಣುವುದು ಒಳ್ಳೆಯದು. ಆ ಟೀಚರ್ ಲೇಜಿ ಎಂದು ಬರೆದಿರಲಿಲ್ಲ ಎಂಬುದನ್ನು ಗಮನಿಸಿ. ಆರಿಸಿ ಬರೆದ ಪದ ಅದು, ಏನೋ ಸರಿಯಿಲ್ಲ ನೋಡಿ ಎಂದು ಹೇಳುತ್ತಿತ್ತು.

ಡಾಕ್ಟರ ಮಾತು ಬಂದದ್ದರಿಂದ ಇನ್ನೊಂದೆರಡು. ಇಂಡೊಲೆಂಟ್ ಎಂದರೆ ಸಾಮಾನ್ಯ ಇಂಗ್ಲಿಷಿನಲ್ಲಿ ಸುಖಪುರುಷ, ಆಲಸಿ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ನೋವಿಲ್ಲದ್ದು. ಆಸ್ಪತ್ರೆಯ ರಿಪೋರ್ಟಿನಲ್ಲಿ ಈ ಪದ ಕಂಡರೆ ಅದು ರೋಗಿಯ ಸ್ವಭಾವದ ಟೀಕೆಯಲ್ಲ. ಗಡ್ಡೆಯೋ ಹುಣ್ಣೋ ನಿಧಾನವಾಗಿ ಬೆಳೆಯುವ ಜಾತಿಯದು ಎಂದು. ನಿಧಾನ ಎಂದ ಮಾತ್ರಕ್ಕೆ ನಿರಪಾಯ ಎಂದೇನಲ್ಲ, ಆದರೂ ಆ ಜಾಗದಲ್ಲಿ ಆಲಸ್ಯ ಎಂಬುದು ಒಂದಿಷ್ಟು ಸಮಾಧಾನದ ಪದ. ಲೇಜಿ ಐ ಎಂದು ಕರೆಯುವ ಮಕ್ಕಳ ದೃಷ್ಟಿದೋಷದಲ್ಲೂ ಕಣ್ಣು ಸೋಮಾರಿಯಾಗಿರುವುದಿಲ್ಲ, ಆ ಕಣ್ಣು ಕಳಿಸಿದ ಚಿತ್ರವನ್ನು ಮೆದುಳು ಸರಿಯಾಗಿ ತೆಗೆದುಕೊಳ್ಳಲು ಕಲಿತಿರುವುದಿಲ್ಲ. ಎಳೆಯ ವಯಸ್ಸಿನಲ್ಲೇ ಚಿಕಿತ್ಸೆ ಕೊಡಿಸಿದರೆ ಫಲ ಹೆಚ್ಚು. ಕರಡಿಗೆ ಮೆತ್ತಿದ ಆ ‘ಬ್ರಾಡಿ’ಯೇ ಇಸಿಜಿ ರಿಪೋರ್ಟಿನಲ್ಲಿ ಬ್ರಾಡಿಕಾರ್ಡಿಯಾ ಆಗಿ ಬರುತ್ತದೆ, ನಿಮಿಷಕ್ಕೆ 60ಕ್ಕಿಂತ ಕಡಿಮೆ ಹೃದಯ ಬಡಿತ. ಓಟಗಾರರಲ್ಲಿ ಅದು ಗಟ್ಟಿ ಹೃದಯದ ಗುರುತೂ ಆಗಿರುತ್ತದೆ.

ಹವೆಯಿಂದಾಗುವ ಜಡಕ್ಕೆ ಬೇರೆಯೇ ಪದಗಳಿವೆ. ಮುಂಬಯಿಯ ಮೇ ತಿಂಗಳು, ಚೆನ್ನೈಯ ಅಗ್ನಿ ನಕ್ಷತ್ರದ ದಿನಗಳು ಎನರ್ವೇಟಿಂಗ್. ಈ ಪದ ಮೋಸಗಾರ. ಎನರ್ಜಿಯ ತಮ್ಮನ ಹಾಗೆ ಕೇಳಿಸುತ್ತದೆ, ಅರ್ಥ ಪೂರ್ತಿ ಉಲ್ಟಾ. ಲ್ಯಾಟಿನ್‌ನಲ್ಲಿ ನರಗಳನ್ನೇ ಕಿತ್ತುಹಾಕಿದ್ದು ಎಂದು ಅದರ ಬೇರು. ವಂದನಾರ್ಪಣೆ ಮಾಡುವವರು ಮುಖ್ಯ ಅತಿಥಿಗಳ ಎನರ್ವೇಟಿಂಗ್ ಭಾಷಣಕ್ಕೆ ಕೃತಜ್ಞತೆ ಹೇಳಿದರೆ, ಅತಿಥಿಗಳು ಇಂಗ್ಲಿಷ್ ಬಲ್ಲವರಾಗಿದ್ದರೆ ಚಹಾ ಕುಡಿಯದೆ ಹೊರಡಬಹುದು. ಲ್ಯಾಂಗ್ವಿಡ್ ಎಂಬುದರಲ್ಲಿ ದಣಿವಿಗಿಂತ ಹಿತವಾದ ಅರೆನಿದ್ದೆ ಹೆಚ್ಚು, ಸೆಖೆಯ ಮಧ್ಯಾಹ್ನ ಜೋಕಾಲಿಯ ಮೇಲೆ ಕಾಲು ಇಳಿಬಿಟ್ಟು ಕೂತ ಹಾಗೆ. ಟಾರ್ಪಿಡ್ ಎಂದರೆ ಜೋಮು ಹಿಡಿದಂಥ ಸ್ಥಿತಿ. ಕರಾವಳಿಯ ಕೇಳುಗರಿಗೆ ಇದರ ಕತೆ ಇಷ್ಟವಾದೀತು. ತೊರಕೆ ಮೀನಿನ ಬಳಗದಲ್ಲಿ ಮುಟ್ಟಿದರೆ ಕರೆಂಟ್ ಹೊಡೆಯುವ ಒಂದು ಜಾತಿಯುಂಟು, ಕೈ ಜೋಮು ಹಿಡಿಯುತ್ತದೆ. ಲ್ಯಾಟಿನ್‌ನಲ್ಲಿ ಆ ಮೀನಿನ ಹೆಸರು ಟಾರ್ಪಿಡೊ. ಸಮುದ್ರದೊಳಗೆ ಬಾಣದಂತೆ ಹೋಗಿ ಹಡಗು ಸಿಡಿಸುವ ಅಸ್ತ್ರಕ್ಕೆ ಮುಂದೆ ಅದೇ ಹೆಸರಾಯಿತು. ಜಡತೆಯ ಪದ ವೇಗದ ಅಸ್ತ್ರದ ಮೇಲೆ ಕೂತುಬಿಟ್ಟಿದೆ.

ಫ್ಲೆಗ್ಮ್ಯಾಟಿಕ್ ಪದ ಕೇಳಿದರೆ ನಮ್ಮ ಅಜ್ಜಿಯರಿಗೆ ಆಶ್ಚರ್ಯವಾಗುತ್ತಿರಲಿಲ್ಲ. ಫ್ಲೆಮ್ ಎಂದರೆ ಕಫ. ಹಳೆಯ ಗ್ರೀಕ್ ವೈದ್ಯದಲ್ಲಿ ದೇಹಕ್ಕೆ ನಾಲ್ಕು ರಸ, ಕಫ ಹೆಚ್ಚಾದವನು ತಣ್ಣಗೆ, ನಿಧಾನ. ಆಯುರ್ವೇದದಲ್ಲಿ ದೋಷ ಮೂರೇ, ಆದರೆ ಕಫದ ಗುಣಗಳಲ್ಲಿ ವಾಗ್ಭಟ ಹೇಳುವ ಗುರು, ಮಂದ, ಸ್ಥಿರ ಎಂಬ ಮಾತುಗಳು ಅದನ್ನೇ ಹೇಳುತ್ತವೆ. ಇವತ್ತಿನ ಇಂಗ್ಲಿಷಿನಲ್ಲಿ ಫ್ಲೆಗ್ಮ್ಯಾಟಿಕ್ ಎಂದರೆ ಸುಲಭಕ್ಕೆ ಉದ್ವೇಗಗೊಳ್ಳದವರು, ಮುಕ್ಕಾಲು ಪಾಲು ಹೊಗಳಿಕೆಯೇ. ಸ್ಯಾಟರ್ನೈನ್ ಇನ್ನೂ ಹತ್ತಿರದ್ದು. ಶನಿಗ್ರಹದ ಹೆಸರಿನಿಂದ ಬಂದ ಆ ಗುಣವಾಚಕಕ್ಕೆ ಮಂಕು ಕವಿದ, ಬಿಗುಮುಖದ ಎಂಬ ಅರ್ಥ. ನಮ್ಮಲ್ಲಿ ಶನೈಶ್ಚರ ಎಂದರೇ ಮೆಲ್ಲಗೆ ಸಾಗುವವನು, ಮಂದ ಎಂಬುದೂ ಅವನದೇ ಹೆಸರು. ಶನಿ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಸುಮಾರು ಎರಡೂವರೆ, ಮೂರು ರಾಶಿಗೆ ಏಳೂವರೆ, ಸಾಡೇಸಾತಿಯ ಲೆಕ್ಕ ಅದೇ. ಎರಡು ದೇಶದವರು ಒಂದೇ ಆಕಾಶ ನೋಡಿ ಒಂದೇ ದೂರು ಹೇಳಿದ್ದಾರೆ.

ನಿಧಾನವನ್ನು ಹೊಗಳುವ ಪದಗಳು ಇಂಗ್ಲಿಷಿನಲ್ಲಿ ಇಲ್ಲವೇ? ಇವೆ, ನಾವು ಬಳಸುವುದು ಕಡಿಮೆ. ಅನ್‌ಹರೀಡ್, ಲೀಶರ್ಲಿ, ಡೆಲಿಬರೇಟ್. ಕಿರಾನಾ ಘರಾನೆಯ ಗಂಗೂಬಾಯಿ ಹಾನಗಲ್ಲರ ಅಥವಾ ಭೀಮಸೇನ ಜೋಶಿಯವರ ವಿಲಂಬಿತ್ ಖಯಾಲನ್ನು ಯಾರಾದರೂ ಸ್ಲಗಿಶ್ ಎಂದರೆ ನಾನಂತೂ ಸುಮ್ಮನಿರಲಾರೆ. ಪಾಶ್ಚಾತ್ಯ ಸಂಗೀತದಲ್ಲಿ ಅಡಾಜಿಯೊ ಎಂಬ ನಿಧಾನ ಗತಿಗೆ ಇಟಾಲಿಯನ್‌ನಲ್ಲಿ ‘ನಿರಾಳವಾಗಿ’ ಎಂದೇ ಅರ್ಥ. ನಮ್ಮ ‘ಸಾವಕಾಶ’ ಕೂಡ ಅಂಥದ್ದೇ, ಅವಕಾಶ ಸಹಿತ, ಜಾಗ ಬಿಟ್ಟುಕೊಂಡು. ಮರಾಠಿಯಲ್ಲೂ ಅದು ‘ಸಾವಕಾಶ’ವೇ, ಅನುವಾದ ಬೇಡ. ಇನ್ನು ‘ನಿಧಾನ’ ಪದಕ್ಕೆ ಸಂಸ್ಕೃತದಲ್ಲಿ ಇಟ್ಟ ಜಾಗ, ನಿಧಿ ಎಂಬ ಅರ್ಥ. ಅದನ್ನು ವೇಗವಿಲ್ಲದಿರುವುದಕ್ಕೂ ತಾಳ್ಮೆಗೂ ಹಚ್ಚಿದವರು ನಾವು. ಆಫೀಸಿನಲ್ಲಿ ವರ್ಷದ ಕೊನೆಗೆ ಸ್ವಂತ ಕೆಲಸದ ವಿವರ ಬರೆಯುವಾಗ, ಒಂದೊಂದು ಕಡತವನ್ನೂ ಎರಡು ಸಲ ನೋಡಿ ಕಳಿಸುವವರು ‘ಐ ಆಮ್ ಸ್ಲೋ’ ಎಂದು ಬರೆದುಕೊಳ್ಳಬೇಡಿ. ‘ಕೇರ್‌ಫುಲ್’ ಎನ್ನಿ, ‘ಥರೋ’ ಎನ್ನಿ, ಅದು ಸುಳ್ಳೂ ಅಲ್ಲ. ಸೋಮಾರಿತನದ ಬಗ್ಗೆ ತಮ್ಮನ್ನೇ ಸದಾ ಹಳಿದುಕೊಳ್ಳುತ್ತಿದ್ದ ಒಬ್ಬ ಮಹಾಶಯರು ಸ್ಯಾಮ್ಯುಯೆಲ್ ಜಾನ್ಸನ್. ಅವರ ಒಂದು ಪ್ರಬಂಧಮಾಲೆಯ ಹೆಸರೇ ‘ದಿ ಐಡ್ಲರ್’. ಇದೇ ಸೋಮಾರಿ 1755ರಲ್ಲಿ ಸುಮಾರು 42,000 ಪದಗಳ ಇಂಗ್ಲಿಷ್ ನಿಘಂಟು ಹೊರತಂದಿದ್ದರು!

ಒಂದು ಮಾತನ್ನು ಮಾತ್ರ ಈಗ ಬಿಡಲೇಬೇಕು. ಲ್ಯಾಟಿನ್‌ನ ಟಾರ್ಡಸ್ ಎಂದರೆ ನಿಧಾನ. ಅದರಿಂದ ಟಾರ್ಡಿ ಬಂತು, ರಿಟಾರ್ಡೆಡ್ ಬಂತು. ಒಂದು ಕಾಲದಲ್ಲಿ ಡಾಕ್ಟರರೇ ಬರೆಯುತ್ತಿದ್ದ ಪದ ಮುಂದೆ ಬೀದಿಯ ಬೈಗುಳವಾಯಿತು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದರ ಬದಲು ‘ಬೌದ್ಧಿಕ ಅಂಗವೈಕಲ್ಯ’ ಎಂಬರ್ಥದ ಮಾತಿದೆ. ನಾವು ಈಗಲೂ ಸಲೀಸಾಗಿ ಆಡುವ ‘ಬುದ್ಧಿಮಾಂದ್ಯ’, ‘ಮಂದಬುದ್ಧಿ’ಗಳೂ ಅದೇ ಮಂದದ ಮಕ್ಕಳು.

ಇನ್ನು ಡೊಂಬಿವಲಿಯ ಅಕ್ಕನಿಗೆ, ಅವರಂತೆ ಡೈರಿ ಬರೆಯುವ ಎಲ್ಲ ತಾಯಂದಿರಿಗೆ ನೇರ ಉತ್ತರ. ಮೊದಲು ಕನ್ನಡದಲ್ಲೇ ಕೇಳಿಕೊಳ್ಳಿ: ಮಗು ದಣಿದಿದೆಯೋ, ಬಳಲಿದೆಯೋ, ಸಪ್ಪಗಿದೆಯೋ, ಮಂಪರಿನಲ್ಲಿದೆಯೋ, ಇಲ್ಲಾ ಶಾಲೆ ತಪ್ಪಿಸಲು ಮೈಗಳ್ಳತನ ಮಾಡುತ್ತಿದೆಯೋ? ಇಷ್ಟು ನಿಚ್ಚಳವಾಗಿ ವಿಂಗಡಿಸಲು ನಮ್ಮ ಭಾಷೆಗೆ ಬರುತ್ತದೆ. ಜ್ವರ ಬಿಟ್ಟು ನಿಶ್ಶಕ್ತಿಯಿದ್ದರೆ ‘ಹಿ ಈಸ್ ಸ್ಟಿಲ್ ಟಯರ್ಡ್ ಆಫ್ಟರ್ ಫೀವರ್, ಪ್ಲೀಸ್ ಎಕ್ಸ್‌ಕ್ಯೂಸ್ ಹಿಮ್ ಫ್ರಮ್ ಗೇಮ್ಸ್’ ಎಂದು ಬರೆದರೆ ಸಾಕು. ಏನೆಂದು ಗೊತ್ತಿಲ್ಲ, ಸುಮ್ಮನೆ ಸಪ್ಪಗಿದ್ದಾನೆ ಎಂದರೆ ‘ಹಿ ಈಸ್ ನಾಟ್ ಹಿಮ್‌ಸೆಲ್ಫ್ ಟುಡೇ’ ಎನ್ನಿ. ಅವನು ಇವತ್ತು ಅವನಾಗಿಲ್ಲ ಎಂದು. ಕೊನೆಯ ‘ಟುಡೇ’ ಮರೆಯಬೇಡಿ, ನಮ್ಮ ‘ಆಗಿ’ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ.

ಸಪ್ಪೆ ಎಂದಾಗ ನೆನಪಾಯಿತು. ಇಂಗ್ಲಿಷಿನವರು ಮೈ ಸರಿಯಿಲ್ಲದವರನ್ನು ‘ಆಫ್ ಕಲರ್’ ಎನ್ನುತ್ತಾರೆ, ಬಣ್ಣ ಹೋದವರು. ನಮ್ಮವರು ಸಪ್ಪಗಿದ್ದಾರೆ, ಉಪ್ಪು ಹೋದವರು. ಮಂಡ್ಯದಲ್ಲಿ, ಕಾರವಾರದಲ್ಲಿ, ಬೀದರಿನಲ್ಲಿ ಇದಕ್ಕೆ ಇನ್ನೇನೇನು ಮಾತುಗಳಿವೆಯೋ? ನಿಮ್ಮ ಅಮ್ಮ, ಅಜ್ಜಿ ಆಡುತ್ತಿದ್ದ ಮಾತನ್ನು ಒಂದು ಸಾಲಿನ ಉದಾಹರಣೆಯೊಂದಿಗೆ ಕಾರ್ಯಕ್ರಮದ ವಿಳಾಸಕ್ಕೆ ಬರೆದು ಕಳಿಸಿ. ಊರಿನ ಹೆಸರು ಸೇರಿಸುವುದನ್ನು ಮರೆಯಬೇಡಿ. ಬಂದ ಪದಗಳನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ, ಪ್ರಸಾರದಲ್ಲಿ ಓದುತ್ತೇವೆ.